ಸೇಫ್ಟಿ ರೇಜರಿನ ಹಿಡಿಕೆ: ತೂಕ ಎಷ್ಟು, ತೂಕ ಎಲ್ಲಿ?

ಎರಡಲಗಿನ ಬ್ಲೇಡು ಹಾಕಿ ಬಳಸುವ ಸೇಫ್ಟಿ ರೇಜರಿನಲ್ಲಿ ಸಣ್ಣ ಉದ್ಯಮಿಯ ಕೈಗೆ ಸುಲಭವಾಗಿ ಎಟಕುವ ಭಾಗವೆಂದರೆ ಹಿಡಿಕೆ. ಬ್ಲೇಡಿನ ತಯಾರಿಕೆಗೆ ದೊಡ್ಡ ಬಂಡವಾಳ ಬೇಕು. ಬ್ಲೇಡನ್ನು ಕಚ್ಚಿ ಹಿಡಿಯುವ ತಲೆಭಾಗಕ್ಕೆ ದುಬಾರಿ ಡೈಗಳೂ ಸೂಕ್ಷ್ಮ ಅಳತೆಯ ಯಂತ್ರಗಳೂ ಬೇಕು. ಹಿಡಿಕೆಯಾದರೋ ಒಂದು ಲೇತ್, ಹಿತ್ತಾಳೆಯ ಸರಳು ಹಾಗೂ ಒಬ್ಬ ಅನುಭವಿ ಟರ್ನರ್ ಇದ್ದಲ್ಲಿ ಸಿದ್ಧವಾಗುವ ವಸ್ತು. ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗಗಳಲ್ಲಿ ಇಂತಹ ಕೆಲಸ ಬಲ್ಲ ಘಟಕಗಳಿಗೆ ಕೊರತೆಯಿಲ್ಲ. ಆದರೆ ಸ್ವಂತ ಹೆಸರಿನಲ್ಲಿ ಹಿಡಿಕೆ ತಯಾರಿಸಲು ಹೊರಟವರಿಗೆ ನಕ್ಷೆಯ ಮೇಲೆ ಗೆರೆ ಎಳೆಯುವ ಮುನ್ನವೇ ಒಂದು ಪ್ರಶ್ನೆ ಎದುರಾಗುತ್ತದೆ: ಅದು ಎಷ್ಟು ತೂಗಬೇಕು?

ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಒಂದು ಹಿಡಿಕೆಯಲ್ಲಿ 20 ಗ್ರಾಂ ಹೆಚ್ಚಾದರೆ ಹತ್ತು ಸಾವಿರ ಹಿಡಿಕೆಗಳಿಗೆ 200 ಕಿಲೋ ಹಿತ್ತಾಳೆ ಹೆಚ್ಚು ಬೇಕಾಗುತ್ತದೆ. ಸಾಗಣೆಯ ವೆಚ್ಚವೂ ಅದರೊಡನೆ ಏರುತ್ತದೆ. ತೂಕ ಕಡಿಮೆ ಮಾಡಿದರೆ ಗ್ರಾಹಕನು ಕೈಗೆತ್ತಿಕೊಂಡ ಕ್ಷಣದಲ್ಲೇ 'ಇದು ಅಗ್ಗದ ಮಾಲು' ಎಂದು ಕೆಳಗಿಡುವ ಭಯವಿದೆ. ಈ ಎರಡರ ನಡುವೆ ತಯಾರಕರು ಸಾಮಾನ್ಯವಾಗಿ ಭಾರದ ಕಡೆಗೇ ವಾಲುತ್ತಾರೆ. ಭಾರವಾದುದೇ ಉತ್ತಮವೆಂಬ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಜಿಲೆಟ್ ಕಂಪನಿಯ ಪ್ರಯೋಗ

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ರೇಜರಿಗೆ ಪೇಟೆಂಟ್ ಪಡೆದದ್ದು 1904ರಲ್ಲಿ. ಅದರ ಹಿಂದಿನ ವರ್ಷ ಕಂಪನಿ ಮಾರಿದ್ದು ಕೇವಲ 51 ರೇಜರುಗಳನ್ನು. 1904ರಲ್ಲಿ ಆ ಸಂಖ್ಯೆ ತೊಂಬತ್ತು ಸಾವಿರ ದಾಟಿತು. ಆ ಆರಂಭದ ರೇಜರುಗಳ ಹಿಡಿಕೆ ಟೊಳ್ಳು ಕೊಳವೆಯಾಗಿತ್ತೆಂಬುದು ಗಮನಾರ್ಹ. ಘನ ಲೋಹದ ಭಾರವಾದ ಹಿಡಿಕೆಯೇ 'ಹಳೆಯ ಕಾಲದ ಅಸಲಿ ಮಾಲು' ಎಂದು ಇಂದು ಭಾವಿಸುವವರಿಗೆ ಈ ಸಂಗತಿ ಅಚ್ಚರಿ ತರಬಹುದು. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆಯು ತೋಟಾಗಳ ತಯಾರಿಕೆಗೆ ಹೋದಾಗ ಪ್ಲಾಸ್ಟಿಕ್ ಹಿಡಿಕೆಗಳೂ ಬಂದವು. ಸೈನಿಕರ ಗಡ್ಡ ಅದರಿಂದಲೂ ಇಳಿಯಿತು.

ತೂಕವನ್ನೇ ಮಾರಾಟದ ವಿಷಯವನ್ನಾಗಿ ಮಾಡಿದ ಪ್ರಯತ್ನ ನಡೆದದ್ದು 1950ರ ದಶಕದ ನಡುವೆ. ಜಿಲೆಟ್ ಕಂಪನಿ ತನ್ನ 'ಸೂಪರ್ ಸ್ಪೀಡ್' ರೇಜರನ್ನು ಹಗುರ, ಸಾಧಾರಣ, ಭಾರ ಎಂದು ಮೂರು ಬಗೆಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹಗುರದ್ದಕ್ಕೆ ಹಿಡಿಕೆಯ ತುದಿಯಲ್ಲಿ ನೀಲಿ ಬಣ್ಣ, ಭಾರದ್ದಕ್ಕೆ ಕೆಂಪು. ಮೃದು ಚರ್ಮದವರು ಹಗುರದ್ದನ್ನು, ಒರಟು ಗಡ್ಡದವರು ಭಾರದ್ದನ್ನು ಆರಿಸಿಕೊಳ್ಳಲಿ ಎಂಬುದು ಉದ್ದೇಶ. ಅಂಗಡಿಯಲ್ಲಿ ನಿಂತ ಸಾಮಾನ್ಯ ಗ್ರಾಹಕನಿಗೂ ಒಂದೇ ಮಾತಿನಲ್ಲಿ ಅರ್ಥವಾಗುವ ವಿಂಗಡಣೆ ಅದು. ವ್ಯಾಪಾರದ ದೃಷ್ಟಿಯಿಂದ ಜಾಣತನದ ಕ್ರಮವೆಂದೇ ಹೇಳಬೇಕು.

ಆದರೆ ಆ ಮೂರರ ನಡುವಿನ ವ್ಯತ್ಯಾಸ ತೂಕವೊಂದರದೇ ಆಗಿರಲಿಲ್ಲ. ತಲೆಭಾಗದಲ್ಲಿ ಬ್ಲೇಡು ಹೊರಚಾಚುವ ಪ್ರಮಾಣವೂ ಬೇರೆಯಾಗಿತ್ತು. ಕೆಂಪು ತುದಿಯ ರೇಜರು ಒರಟು ಗಡ್ಡವನ್ನು ಚೆನ್ನಾಗಿ ತೆಗೆದಿದ್ದರೆ ಅದರ ಬಹುಪಾಲು ಶ್ರೇಯಸ್ಸು ತಲೆಭಾಗಕ್ಕೆ ಸಲ್ಲಬೇಕು. ಮುಂದೆ 1958ರಲ್ಲಿ ಅದೇ ಕಂಪನಿ 1ರಿಂದ 9ರವರೆಗೆ ತಿರುಗಿಸಿ ಬ್ಲೇಡಿನ ಸಂದನ್ನು ಹೆಚ್ಚು ಕಡಿಮೆ ಮಾಡಬಹುದಾದ ರೇಜರನ್ನು ತಂದಿತು. ಸಂಗ್ರಾಹಕರು ಇಂದು 'ಫ್ಯಾಟ್‌ಬಾಯ್' ಎಂದು ಕರೆಯುವುದು ಅದನ್ನೇ. ಹಿಡಿಕೆ ದಪ್ಪವಾಗಿದ್ದ ಆ ಮಾದರಿ ಕೆಲವೇ ವರ್ಷ ನಡೆದು, 1960ರ ದಶಕದ ಆರಂಭದಲ್ಲಿ ಅದರ ಜಾಗಕ್ಕೆ 'ಸ್ಲಿಮ್' ಎಂಬ ತೆಳುವಾದ ಮಾದರಿ ಬಂತು. ಅಂದರೆ ಕ್ಷೌರದ ತೀಕ್ಷ್ಣತೆಯನ್ನು ನಿಯಂತ್ರಿಸುವ ಹೊಣೆ ಹಿಡಿಕೆಯಿಂದ ತಲೆಗೆ ಬಹಿರಂಗವಾಗಿಯೇ ವರ್ಗವಾಯಿತು.

ಇಂದಿನ ಮಾಲುಗಳ ತೂಕ

ಈಗ ಪ್ರಚಾರದಲ್ಲಿರುವ ರೇಜರುಗಳನ್ನು ತಕ್ಕಡಿಗಿಟ್ಟರೆ ಕಾಣುವ ಅಂತರ ದೊಡ್ಡದು. ಜರ್ಮನಿಯ ಜೋಲಿಂಗೆನ್‌ನ ಮರ್ಕುರ್ 34ಸಿ ಸುಮಾರು 77 ಗ್ರಾಂ. ಇಂಗ್ಲೆಂಡಿನ ಎಡ್ವಿನ್ ಜಾಗರ್ ಡಿಇ89 ಸುಮಾರು 75 ಗ್ರಾಂ. ಜರ್ಮನಿಯ ಮ್ಯೂಲೆ ಆರ್89 ಸುಮಾರು 64 ಗ್ರಾಂ. ಜಪಾನಿನ ಫೆದರ್ ಕಂಪನಿಯ ಸ್ಟೇನ್‌ಲೆಸ್ ಸ್ಟೀಲ್ ರೇಜರು ಸುಮಾರು 90 ಗ್ರಾಂ. ಇವೆಲ್ಲವುಗಳಿಂದ ದೂರ ನಿಲ್ಲುವುದು ಕೆನಡಾದ ಹೆನ್ಸನ್ ಎಎಲ್13. ಅಲ್ಯೂಮಿನಿಯಂನಿಂದ ಮಾಡಿದ ಈ ಇಡೀ ರೇಜರಿನ ತೂಕ ಸುಮಾರು 37 ಗ್ರಾಂ ಮಾತ್ರ. ಆದರೂ ಅದು ತನ್ನ ಗ್ರಾಹಕರನ್ನು ಗಳಿಸಿಕೊಂಡಿದೆ. ಕಾರಣ ಇಷ್ಟೆ: ಅದರ ತಲೆಭಾಗವು ಬ್ಲೇಡನ್ನು ಅಲಗಿನ ತೀರ ಸಮೀಪದಲ್ಲೇ ಬಿಗಿಹಿಡಿದು, ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ ಹೊರಚಾಚುವಂತೆ ಇರಿಸುತ್ತದೆ. ಬ್ಲೇಡು ಕಂಪಿಸದಿದ್ದಲ್ಲಿ ಭಾರದ ಹಂಗು ಹೆಚ್ಚಿಲ್ಲ.

ನಮ್ಮ ಊರುಗಳ ಕ್ಷೌರದಂಗಡಿಗಳಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಎರಡಲಗಿನ ಬ್ಲೇಡನ್ನು ನಡುವೆ ಮುರಿದು, ಅರ್ಧವನ್ನು ಸಿಕ್ಕಿಸಿಕೊಂಡು ಕ್ಷೌರಿಕರು ಬಳಸುವ ಕತ್ತಿ ತೀರ ಹಗುರವಾದುದು. ಆ ಕೆಲಸದಲ್ಲಿ ನಡೆಯುವುದು ಮಣಿಕಟ್ಟಿನ ಪಳಗಿಕೆ, ಲೋಹದ ಭಾರವಲ್ಲ.

'ತೂಕವೇ ಕೆಲಸ ಮಾಡಲಿ' ಎಂಬ ಮಾತು

ರೇಜರನ್ನು ಒತ್ತಬೇಡಿ, ಅದರ ತೂಕವೇ ಕೆಲಸ ಮಾಡಲಿ ಎಂಬುದು ಮಾರಾಟಗಾರರ ಬಾಯಲ್ಲಿ ಸದಾ ಇರುವ ಸಲಹೆ. ಒತ್ತಬಾರದೆಂಬ ಮೊದಲರ್ಧ ನೂರಕ್ಕೆ ನೂರು ಸರಿ. ಎರಡನೆಯ ಅರ್ಧವನ್ನು ಮಾತ್ರ ಎಚ್ಚರದಿಂದ ಸ್ವೀಕರಿಸಬೇಕು. ನೆಟ್ಟಗೆ ನಿಂತವನ ಕೆನ್ನೆ ಹೆಚ್ಚು ಕಡಿಮೆ ಲಂಬವಾಗಿರುತ್ತದೆ. ತೂಕ ಎಳೆಯುವುದು ನೆಲದ ಕಡೆಗೆ, ಕೆನ್ನೆಯ ಒಳಕ್ಕಲ್ಲ. ಆದುದರಿಂದ ಭಾರವಾದ ರೇಜರು ಕೆನ್ನೆಯ ಮೇಲೆ ಕೆಳಮುಖವಾಗಿ ಸರಾಗವಾಗಿ ಇಳಿಯುತ್ತದೆ ಎಂಬುದು ನಿಜವಾದರೂ ಅದು ಚರ್ಮಕ್ಕೆ ಬ್ಲೇಡನ್ನು ಒತ್ತುತ್ತದೆ ಎಂಬುದು ನಿಜವಲ್ಲ. ಕುತ್ತಿಗೆಯಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆಯುವಾಗ ಅದೇ ತೂಕವನ್ನು ಕೈ ಎತ್ತಬೇಕಾಗುತ್ತದೆ. ಗಾಯಗಳು ಆಗುವುದು ಗದ್ದದ ತಿರುವಿನಲ್ಲಿ, ಮೂಗಿನ ಕೆಳಗೆ, ಕುತ್ತಿಗೆಯ ಗಂಟಿನ ಬಳಿ. ಅಲ್ಲೆಲ್ಲ ಚಿಕ್ಕ ಚಿಕ್ಕ ಎಳೆತಗಳು, ಮೇಲಿಂದ ಮೇಲೆ ದಿಕ್ಕಿನ ಬದಲಾವಣೆ. ಉದ್ದವಾದ, ಬಾಲದಲ್ಲಿ ಭಾರವಿರುವ ಹಿಡಿಕೆ ಅಲ್ಲಿ ಬೆರಳಿನ ಮಾತನ್ನು ತಡವಾಗಿ ಕೇಳುತ್ತದೆ.

ಹೀಗಾಗಿ ಒಟ್ಟು ಗ್ರಾಂಗಿಂತ ಆ ಗ್ರಾಂಗಳು ಎಲ್ಲಿ ಕುಳಿತಿವೆ ಎಂಬುದೇ ತಯಾರಕನು ಮೊದಲು ಕೇಳಬೇಕಾದ ಪ್ರಶ್ನೆ. ರೇಜರನ್ನು ಬ್ಲೇಡಿಲ್ಲದೆ ಜೋಡಿಸಿ, ಅಡಿಪಟ್ಟಿಯ ಅಂಚಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿದರೆ ಅದು ಒಂದು ಜಾಗದಲ್ಲಿ ಯಾವ ಕಡೆಗೂ ವಾಲದೆ ನಿಲ್ಲುತ್ತದೆ. ಅದೇ ಸಮತೋಲ ಬಿಂದು. ಹೆಬ್ಬೆರಳು ಮತ್ತು ತೋರುಬೆರಳು ಹಿಡಿಯುವ ಜಾಗ ಇದಕ್ಕೆ ಸಮೀಪವಿದ್ದರೆ ರೇಜರು ಕೈಯಲ್ಲಿ ತಾನಾಗಿ ನಿಲ್ಲುತ್ತದೆ. ಬಿಂದು ಬಾಲದ ಕಡೆಗೆ ಜಾರಿದಷ್ಟೂ ಹಿಡಿಕೆಯ ತುದಿ ಕೆಳಗೆ ಜಗ್ಗುತ್ತದೆ, ಬ್ಲೇಡಿನ ಕೋನ ಕೆಡುತ್ತದೆ, ಅದನ್ನು ಸರಿಪಡಿಸಲು ಕಿರುಬೆರಳು ದುಡಿಯಬೇಕಾಗುತ್ತದೆ.

ಒಂದು ಲೆಕ್ಕ

12 ಮಿ.ಮೀ. ವ್ಯಾಸ, 85 ಮಿ.ಮೀ. ಉದ್ದದ ಘನ ಸರಳಿನ ಹಿಡಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಗಾತ್ರ ಸುಮಾರು 9.6 ಘನ ಸೆಂ.ಮೀ. ಥ್ರೆಡ್ಡಿನ ರಂಧ್ರ ಮತ್ತು ನರ್ಲಿಂಗ್‌ನಿಂದ ಕಳೆಯುವ ಅಲ್ಪ ತೂಕವನ್ನು ಬಿಟ್ಟರೆ, ಅದು ಅಲ್ಯೂಮಿನಿಯಂನಲ್ಲಿ 26 ಗ್ರಾಂ, ಟೈಟಾನಿಯಂನಲ್ಲಿ 43 ಗ್ರಾಂ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 76 ಗ್ರಾಂ, ಹಿತ್ತಾಳೆಯಲ್ಲಿ 82 ಗ್ರಾಂ ತೂಗುತ್ತದೆ. ಇದರ ಮೇಲೆ 30 ಗ್ರಾಂ ತೂಕದ, ಸತು ಮಿಶ್ರಲೋಹದ ತಲೆಭಾಗವನ್ನು ಕೂರಿಸಿದರೆ ಹಿತ್ತಾಳೆಯ ರೇಜರು 112 ಗ್ರಾಂ ಆಗುತ್ತದೆ. ಅದರ ಸಮತೋಲ ಬಿಂದು ಹಿಡಿಕೆಯ ಮೇಲ್ತುದಿಯಿಂದ ಸುಮಾರು 30 ಮಿ.ಮೀ. ಕೆಳಗೆ ಬರುತ್ತದೆ.

ಈಗ ಬಾಲದ ಕಡೆಯಿಂದ 7 ಮಿ.ಮೀ. ಡ್ರಿಲ್ ಹಾಕಿ 65 ಮಿ.ಮೀ. ಆಳಕ್ಕೆ ಕೊರೆದರೆ 21 ಗ್ರಾಂ ಹಿತ್ತಾಳೆ ಹೊರಬೀಳುತ್ತದೆ. ಒಟ್ಟು ತೂಕ ಸುಮಾರು 90 ಗ್ರಾಂಗೆ ಇಳಿಯುತ್ತದೆ; ಸಮತೋಲ ಬಿಂದು 25 ಮಿ.ಮೀ.ಗೆ, ಅಂದರೆ ತಲೆಯ ಕಡೆಗೆ, ಏರುತ್ತದೆ. ಅದೇ 21 ಗ್ರಾಂ ಅನ್ನು ಬೇರೆ ರೀತಿಯಲ್ಲಿ ಕಳೆಯೋಣ: ಒಳಗೆ ಕೊರೆಯದೆ, ನೋಟಕ್ಕೆ ಚೆಂದವೆಂದು ಮೇಲ್ಭಾಗದ ಕುತ್ತಿಗೆಯನ್ನು 40 ಮಿ.ಮೀ. ಉದ್ದಕ್ಕೆ 8 ಮಿ.ಮೀ. ವ್ಯಾಸಕ್ಕೆ ಇಳಿಸಿದರೆ ತೂಕ ಮತ್ತೆ 90 ಗ್ರಾಂ. ಆದರೆ ಸಮತೋಲ ಬಿಂದು 31 ಮಿ.ಮೀ.ಗೆ ಜಾರುತ್ತದೆ. ತಕ್ಕಡಿಯಲ್ಲಿ ಎರಡೂ ಒಂದೇ. ಕೈಯಲ್ಲಿ 6 ಮಿ.ಮೀ. ಅಂತರದ ಎರಡು ಬೇರೆ ಬೇರೆ ರೇಜರುಗಳು. ಗ್ರಾಂ ಲೆಕ್ಕವನ್ನಷ್ಟೇ ನಂಬಿದವರು ಎಡವುವುದು ಇಲ್ಲಿಯೇ.

ಕೊರೆದ ಹಿಡಿಕೆಯ ತುದಿಯನ್ನು ತೆರೆದಿಡುವಂತಿಲ್ಲ. ಸಾಬೂನಿನ ನೀರು ನಿಂತು ಗಲೀಜಾಗುತ್ತದೆ. ತೆಳುವಾದ ಅಲ್ಯೂಮಿನಿಯಂ ಮುಚ್ಚಳ ಸಾಕು. ಅಂದಕ್ಕಾಗಿ ಹಿತ್ತಾಳೆಯ ದಪ್ಪ ಗುಂಡನ್ನು ಕೂರಿಸಿದರೆ ಕೊರೆದ ಶ್ರಮವೆಲ್ಲ ವ್ಯರ್ಥ. ಲೇತಿನ ಕೆಳಗೆ ಬಿದ್ದ ಹಿತ್ತಾಳೆಯ ಚೂರು ಗುಜರಿಗೆ ಹೋಗಿ ಒಂದಿಷ್ಟು ಹಣ ಮರಳುವುದರಿಂದ ಹೆಚ್ಚುವರಿ ಕೊರೆತದ ಖರ್ಚು ಪೂರ್ತಿ ನಷ್ಟವಲ್ಲ.

ಭಾರತದ ಗ್ರಾಹಕ

ಜಿಲೆಟ್ ಕಂಪನಿ 2002ರಲ್ಲಿ ಭಾರತಕ್ಕೆಂದು ತಂದ ರೇಜರನ್ನು ಮೊದಲು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಂದ ಪರೀಕ್ಷೆ ಮಾಡಿಸಿತ್ತು. ಅವರು ಮೆಚ್ಚಿದರು, ಇಲ್ಲಿಯ ಗ್ರಾಹಕರು ಮೆಚ್ಚಲಿಲ್ಲ. ಅಲ್ಲಿ ನಲ್ಲಿಯಲ್ಲಿ ನೀರು ಹರಿಯುತ್ತಿತ್ತು. ಇಲ್ಲಿ ಅನೇಕರು ನೆಲದ ಮೇಲೆ ಕುಳಿತು, ಕಿರುಗನ್ನಡಿಯನ್ನು ಹೇಗೋ ನಿಲ್ಲಿಸಿಕೊಂಡು, ಒಂದು ಲೋಟ ನೀರಿನಲ್ಲಿ ಕ್ಷೌರ ಮುಗಿಸುವವರು. ಈ ಪಾಠದ ನಂತರ 2010ರಲ್ಲಿ ಬಂದದ್ದು 'ಗಾರ್ಡ್'. ಬಿಡುಗಡೆಯಾದಾಗ ಅದರ ಬೆಲೆ 15 ರೂಪಾಯಿ, ಬದಲಿ ಬ್ಲೇಡಿಗೆ 5 ರೂಪಾಯಿ. ಅದು ಎರಡಲಗಿನ ರೇಜರಲ್ಲ, ಕಾರ್ಟ್ರಿಜ್ ಮಾದರಿ. ಆದರೂ ಹಿಡಿಕೆಯ ಮಟ್ಟಿಗೆ ಅದರಿಂದ ಕಲಿಯುವುದಿದೆ: ಹಿಡಿಕೆಯನ್ನು ಟೊಳ್ಳಾಗಿಸಿ ತೂಕವನ್ನೂ ಖರ್ಚನ್ನೂ ಒಟ್ಟಿಗೆ ಇಳಿಸಲಾಯಿತು, ಜನ ರೇಜರನ್ನು ನಾನಾ ರೀತಿ ಹಿಡಿಯುವುದನ್ನು ಕಂಡು ಅದಕ್ಕೆ ಉಬ್ಬು ಮತ್ತು ಒರಟು ಮೈ ಕೊಡಲಾಯಿತು.

ಸಣ್ಣ ತಯಾರಕರಿಗೆ ಅಂತಹ ಸಮೀಕ್ಷೆಗೆ ಹಣವಿಲ್ಲ ನಿಜ. ಆದರೆ ಅಗ್ಗದ ಪರೀಕ್ಷೆಯೊಂದು ಸಾಧ್ಯ. ಒಳಗೆ ಕೊರೆದು, ತುದಿಗೆ ಥ್ರೆಡ್ ಹಾಕಿ ಮುಚ್ಚಿದ ಐದಾರು ಒಂದೇ ರೂಪದ ಹಿಡಿಕೆಗಳನ್ನು ಮಾಡಿ, ಒಳಗೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತುಂಡುಗಳನ್ನು ಬೇರೆ ಬೇರೆ ಜಾಗದಲ್ಲಿ ಅಂಟಿಸಬೇಕು. ಏನಿದೆ ಎಂದು ಹೇಳದೆ ಹತ್ತು ಹನ್ನೆರಡು ಮಂದಿಗೆ ಕೊಟ್ಟು, ಎಲ್ಲರಿಗೂ ಒಂದೇ ಬ್ರಾಂಡಿನ ಬ್ಲೇಡು ನೀಡಿ, ಎರಡು ವಾರ ಬಳಸಲು ಹೇಳಬೇಕು. ಯಾವುದು ಇಷ್ಟವಾಯಿತು ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಸಲ ಕೊರೆಯಿತು, ಒದ್ದೆ ಕೈಯಲ್ಲಿ ಎಷ್ಟು ಸಲ ಜಾರಿತು ಎಂದು ಬರೆಯಿಸಿಕೊಳ್ಳಬೇಕು. ಅಂಗಡಿಯಲ್ಲಿ ಎತ್ತಿ ನೋಡಿದಾಗ ಹಿಡಿಸುವ ಭಾರವೂ ಹದಿನೈದನೆಯ ಬೆಳಿಗ್ಗೆ ಹಿಡಿಸುವ ಭಾರವೂ ಒಂದೇ ಆಗಿರಬೇಕಿಲ್ಲ. ಮರುಖರೀದಿ ನಿಂತಿರುವುದು ಎರಡನೆಯದರ ಮೇಲೆ.

ತಯಾರಿಕೆಯಲ್ಲಿ ಕೆಲವು ಎಚ್ಚರಗಳು

ತೂಕವನ್ನು ಎರಡು ಗ್ರಾಂ ಒಳಗೆ ಹಿಡಿದಿಡುವುದು ಕಷ್ಟವಲ್ಲ. ಮೇಲಿನ ಉದಾಹರಣೆಯಲ್ಲಿ ಹೊರವ್ಯಾಸ 0.1 ಮಿ.ಮೀ. ಕಡಿಮೆಯಾದರೆ ವ್ಯತ್ಯಾಸ ಒಂದೂವರೆ ಗ್ರಾಂಗಿಂತ ಕಡಿಮೆ. ಅದಕ್ಕಿಂತ ಹೆಚ್ಚಿನ ಗಮನ ಬೇಕಾದದ್ದು ಹಿಡಿಕೆಯ ಮೇಲ್ಮುಖ ಥ್ರೆಡ್ಡಿಗೆ ನೇರ ಲಂಬವಾಗಿದೆಯೇ ಎಂಬುದಕ್ಕೆ. ಅದು ವಾರೆಯಾದರೆ ತಲೆಭಾಗ ಒಂದು ಬದಿಗೆ ಎಳೆದುಕೊಂಡು, ಬ್ಲೇಡಿನ ಸಂದು ಎರಡು ಕಡೆ ಬೇರೆಯಾಗುತ್ತದೆ. ಒಂದು ಬದಿ ಹೆರೆಯುತ್ತದೆ, ಇನ್ನೊಂದು ಕೊರೆಯುತ್ತದೆ. ಗ್ರಾಹಕ ಬೈಯುವುದು ಮಾತ್ರ ತೂಕವನ್ನು.

ಥ್ರೆಡ್ಡಿನ ಅಳತೆಯಲ್ಲಿಯೂ ಗೊಂದಲವಿದೆ. ಜಿಲೆಟ್‌ನ ಹಳೆಯ ಮೂರು ತುಂಡಿನ 'ಟೆಕ್' ರೇಜರುಗಳದು 10-32 ಎಂಬ ಇಂಚಿನ ಥ್ರೆಡ್; ಈಗಿನ ಬಹುಪಾಲು ಮೂರು ತುಂಡಿನ ರೇಜರುಗಳದು ಎಂ5. ಮೊದಲನೆಯದರ ವ್ಯಾಸ 4.83 ಮಿ.ಮೀ., ಎರಡನೆಯದು 5 ಮಿ.ಮೀ.; ಸುತ್ತಿನ ಅಂತರ ಹೆಚ್ಚು ಕಡಿಮೆ ಒಂದೇ. ಆದುದರಿಂದ ಹಳೆಯ ತಲೆ ಹೊಸ ಹಿಡಿಕೆಯಲ್ಲಿ ಸಡಿಲವಾಗಿ ಕೂರುತ್ತದೆ, ಹೊಸ ತಲೆಯನ್ನು ಹಳೆಯ ಹಿಡಿಕೆಗೆ ಬಲವಂತದಿಂದ ತಿರುಗಿಸಿದರೆ ಥ್ರೆಡ್ ಕೆಡುತ್ತದೆ. ಬಿಡಿ ಹಿಡಿಕೆ ಮಾರುವವರು ಪೆಟ್ಟಿಗೆಯ ಮೇಲೆ ಥ್ರೆಡ್ ಅಳತೆಯನ್ನು ಮುದ್ರಿಸುವುದು ಕ್ಷೇಮ. ತೂಕದೊಡನೆ ಸಮತೋಲ ಬಿಂದುವನ್ನೂ ಮುದ್ರಿಸಿದರೆ ತಿಳಿದ ಗ್ರಾಹಕನಿಗೆ ಅದೇ ಒಂದು ಆಕರ್ಷಣೆಯಾದೀತು.

ರಫ್ತಿನ ಆಲೋಚನೆ ಇರುವವರು ಲೋಹದ ಆಯ್ಕೆಯಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಲೇತಿನಲ್ಲಿ ಸಲೀಸಾಗಿ ಕಡಿಯುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲು ಸೀಸವಿರುತ್ತದೆ. ಐರೋಪ್ಯ ಒಕ್ಕೂಟವು 2018ರ ಜೂನ್‌ನಲ್ಲಿ ಸೀಸವನ್ನು ತೀವ್ರ ಕಳವಳದ ವಸ್ತುಗಳ ಪಟ್ಟಿಗೆ ಸೇರಿಸಿದ ಮೇಲೆ, ವಸ್ತುವಿನಲ್ಲಿ ಅದು ಶೇ. 0.1ಕ್ಕಿಂತ ಹೆಚ್ಚಿದ್ದರೆ ಅಲ್ಲಿಯ ಖರೀದಿದಾರರಿಗೆ ತಿಳಿಸುವುದು ಕಡ್ಡಾಯವಾಗಿದೆ. ಕ್ರೋಮ್ ಲೇಪನವಿದೆ ಎಂಬುದು ಇದಕ್ಕೆ ವಿನಾಯಿತಿಯಲ್ಲ. ಸರಳು ಕೊಳ್ಳುವಾಗಲೇ ರಾಸಾಯನಿಕ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಕಸ್ಟಮ್ಸ್ ಕಾಗದಪತ್ರಗಳಲ್ಲಿ ಜೋಡಿಸಿದ ರೇಜರು 8212.10ರ ಅಡಿಯಲ್ಲಿಯೂ ಬಿಡಿ ಹಿಡಿಕೆ ರೇಜರಿನ ಭಾಗವಾಗಿ 8212.90ರ ಅಡಿಯಲ್ಲಿಯೂ ಬರುತ್ತದೆ.