ಬರಿದಾದ ಮೈದಾನದಲ್ಲಿ ಆಟಗಾರನ ಮನಸ್ಸು

ನಮ್ಮ ಉಪ್ಪಿನಬೆಟಗೇರಿಯ ಕಡೆ ಜಾತ್ರೆಯ ಕುಸ್ತಿಯನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಹಲಗಿಯ ಸಪ್ಪಳ ಏರಿದಂತೆ ಪೈಲವಾನನ ಪಟ್ಟು ಬಿಗಿಯಾಗುತ್ತದೆ. ಸುತ್ತ ನಿಂತ ಜನ ಕೇಕೆ ಹಾಕಿದರೆ ದಣಿದ ಮೈಯಲ್ಲಿಯೂ ಹುರುಪು ಹುಟ್ಟುತ್ತದೆ. ಹಲಗಿಯೂ ಇಲ್ಲ, ಜನರೂ ಇಲ್ಲವೆಂದಾಗ ಅವನ ಗತಿಯೇನು? ಕ್ರಿಕೆಟನ್ನೇ ವೃತ್ತಿಯಾಗಿಸಿಕೊಂಡವರಿಗೆ 2020ರಲ್ಲಿ ಎದುರಾದದ್ದು ಇದೇ ಪ್ರಶ್ನೆ.

ಕೋವಿಡ್ ಪಿಡುಗಿನ ನಿಮಿತ್ತ ಆ ವರ್ಷದ ಐ.ಪಿ.ಎಲ್. ಪಂದ್ಯಗಳು ಸೆಪ್ಟೆಂಬರ್ 19ರಿಂದ ನವೆಂಬರ್ 10ರ ವರೆಗೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಪ್ರೇಕ್ಷಕರಿಲ್ಲದೆ ಜರುಗಿದವು. ಟೆಲಿವಿಜನ್ ನೋಡುವವರಿಗಾಗಿ ಮೊದಲೇ ಮುದ್ರಿಸಿಟ್ಟ ಜನರ ಕೂಗನ್ನು ಬೆರೆಸುತ್ತಿದ್ದರು. ಉಪ್ಪಿಲ್ಲದ ಸಾರಿಗೆ ಉಪ್ಪಿನ ಚಿತ್ರ ತೋರಿಸಿದಂತೆ ಅದು ನನಗೆ ಕಂಡಿತು.

ಈ ವಿಷಯದಲ್ಲಿ ಮನಶ್ಶಾಸ್ತ್ರವು ಹೇಳುವುದೇನು? ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬವರು 1898ರಲ್ಲಿಯೇ, ಸೈಕಲ್ ಸವಾರರು ಒಬ್ಬಂಟಿಯಾಗಿ ಓಡಿಸುವುದಕ್ಕಿಂತ ಇತರರ ಜೊತೆಯಲ್ಲಿ ಹೆಚ್ಚು ವೇಗವಾಗಿ ಓಡಿಸುವುದನ್ನು ಗುರುತಿಸಿದ್ದರು. 1965ರಲ್ಲಿ ರಾಬರ್ಟ್ ಝಾಯನ್ಸ್ ಎಂಬ ವಿದ್ವಾಂಸರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು: ಚೆನ್ನಾಗಿ ರೂಢಿಯಾದ ಕೆಲಸವು ಇತರರ ಸಮ್ಮುಖದಲ್ಲಿ ಮತ್ತಷ್ಟು ಚೆನ್ನಾಗಿ ಸಾಗುತ್ತದೆ, ಇನ್ನೂ ಕೈಹತ್ತದ ಕೆಲಸವು ಅದೇ ಕಾರಣದಿಂದ ಕೆಡುತ್ತದೆ. ಎಂದ ಮೇಲೆ ಬರಿದಾದ ಮೈದಾನವು ಪಳಗಿದವನಿಂದ ಏನನ್ನೋ ಕಸಿದುಕೊಂಡರೆ, ಹೊಸಬನ ಹೆಗಲಿನಿಂದ ಒಂದು ಭಾರವನ್ನು ಇಳಿಸಲೂಬಹುದು. ನಮ್ಮ ಕರ್ನಾಟಕದ ತಂಡದ ದೇವದತ್ತ ಪಡಿಕ್ಕಲ್ ತಮ್ಮ ಮೊತ್ತಮೊದಲ ಐ.ಪಿ.ಎಲ್. ಪಂದ್ಯವನ್ನು 2020ರ ಸೆಪ್ಟೆಂಬರ್ 21ರಂದು ದುಬೈಯ ಖಾಲಿ ಕ್ರೀಡಾಂಗಣದಲ್ಲಿ ಆಡಿ 56 ಓಟಗಳನ್ನು ಗಳಿಸಿದರು. ಒಂದು ಆಟದಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ಉದಾಹರಣೆ ಸೊಗಸಾಗಿದೆ.

ಪಳಗಿದವರ ಪಾಡು ಬೇರೆ. ಇಂಗ್ಲೆಂಡಿನ ವೇಗದ ಬೌಲರ್ ಸ್ಟುವರ್ಟ್ ಬ್ರಾಡ್ ಜನರ ಕೂಗಿನಿಂದ ಕಾವೇರುವ ಸ್ವಭಾವದವರು. ಪ್ರೇಕ್ಷಕರಿಲ್ಲದ ಪಂದ್ಯಗಳು ಆರಂಭವಾಗುವ ಮುನ್ನವೇ ಅವರು ತಂಡದ ಮನಶ್ಶಾಸ್ತ್ರಜ್ಞರನ್ನು ಕಂಡು, ಆ ಕಾವನ್ನು ಒಳಗಿನಿಂದಲೇ ಹುಟ್ಟಿಸುವುದು ಹೇಗೆಂದು ವಿಚಾರಿಸಿದರು. ಎಲ್ಲಿಯಾದರೂ ಸರಿ, ಆಡಲು ಸಿಕ್ಕರೆ ಸಾಕೆನ್ನುತ್ತಿದ್ದ ಹನ್ನೆರಡು ವರ್ಷದ ಹುಡುಗನನ್ನು ನೆನೆಸಿಕೋ ಎಂದು ತಾಯಿಯೂ ಹೇಳಿದರಂತೆ. 2020ರ ಜುಲೈ 28ರಂದು ಮ್ಯಾಂಚೆಸ್ಟರಿನಲ್ಲಿ ಅವರು ತಮ್ಮ 500ನೆಯ ಟೆಸ್ಟ್ ವಿಕೆಟನ್ನು ಪಡೆದಾಗ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವ ಜನರಿರಲಿಲ್ಲ.

ತಾಯಿಯ ಆ ಮಾತಿನಲ್ಲಿ ತಿರುಳಿದೆ. ಪೈಲವಾನನು ಕಣದಲ್ಲಿ ಕಾದಾಡುವುದು ಕೆಲವು ನಿಮಿಷ. ಗರಡಿಮನೆಯಲ್ಲಿ ಯಾರೂ ನೋಡದೆ ಬೆವರಿಳಿಸುವುದು ವರ್ಷಗಟ್ಟಲೆ. ಗದುಗಿನ ಸುನೀಲ ಜೋಶಿಯವರು ಹುಡುಗರಾಗಿದ್ದಾಗ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಬಂದು ಆಡಿ, ಮತ್ತೆ ಶಾಲೆಯ ಹೊತ್ತಿಗೆ ಗದುಗಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ಓಟ ಕೊಟ್ಟು 5 ವಿಕೆಟ್ ಕಿತ್ತವರು ಇವರೇ. ಮೌನದ ಮೈದಾನದಲ್ಲಿ ಆಟಗಾರನು ಮಾಡಬೇಕಾದದ್ದು ಆ ಗರಡಿಯ ರೂಢಿಗೆ ಮರಳುವುದು: ಅದೇ ಹೆಜ್ಜೆಗಳ ಓಟ, ಅದೇ ಉಸಿರಾಟ, ಚೆಂಡಿನಿಂದ ಚೆಂಡಿಗೆ ಗಮನ. ಹುರುಪಿಗಾಗಿ ಜೊತೆಗಾರರು ಪರಸ್ಪರ ಕೂಗಿ ಚಪ್ಪಾಳೆ ತಟ್ಟಿಕೊಳ್ಳುವುದೂ ಉಂಟು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಾತ್ರಿ ದೀಪದ ಮುಂದೆ ಕುಳಿತಾಗ ಅವ್ವ ಚಹಾ ಕೊಟ್ಟು ಹೋಗುತ್ತಾಳೆ. ಓದಿದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲವರು ಮನೆಯಲ್ಲಿ ಇಲ್ಲ. ಆದುದರಿಂದ ಈ ಪ್ರಶ್ನೆ ನನಗೆ ಬರಿಯ ಆಟದ್ದಾಗಿ ತೋರುವುದಿಲ್ಲ.

ಹಾಗೆಂದು ಪ್ರೇಕ್ಷಕರು ಬೇಡವೇ ಬೇಡ ಎನ್ನಲಾದೀತೆ? 2021ರ ಫೆಬ್ರುವರಿಯಲ್ಲಿ ಭಾರತ, ಇಂಗ್ಲೆಂಡ್ ತಂಡಗಳು ಚೆನ್ನೈಯ ಒಂದೇ ಮೈದಾನದಲ್ಲಿ ಬೆನ್ನುಬೆನ್ನಿಗೆ ಎರಡು ಟೆಸ್ಟ್ ಆಡಿದವು. ಮೊದಲನೆಯದಕ್ಕೆ ಪ್ರೇಕ್ಷಕರಿಲ್ಲ, ಭಾರತವು 227 ಓಟಗಳಿಂದ ಸೋತಿತು. ಎರಡನೆಯದಕ್ಕೆ ಜನರನ್ನು ಒಳಗೆ ಬಿಟ್ಟರು. 317 ಓಟಗಳಿಂದ ಗೆದ್ದಿತು. ನಾಯಕ ವಿರಾಟ್ ಕೊಹ್ಲಿಯವರು ಆಟದ ನಡುವೆಯೇ ಜನರತ್ತ ತಿರುಗಿ ಇನ್ನಷ್ಟು ಸಿಳ್ಳೆ ಹಾಕಿರೆಂದು ಸನ್ನೆ ಮಾಡಿದರು. ತವರಿನಲ್ಲಿ ಜನರಿಲ್ಲದೆ ಆಡಿದ್ದು ವಿಚಿತ್ರವೆನಿಸಿತ್ತೆಂದು ಪಂದ್ಯದ ಬಳಿಕ ಒಪ್ಪಿಕೊಂಡರು. ಆದರೆ ಎರಡನೆಯ ಪಂದ್ಯದ ಪಿಚ್ಚು ಬೇರೆ ಬಗೆಯದಾಗಿತ್ತು; ಚೆಂಡು ಮೊದಲ ದಿನದಿಂದಲೇ ತಿರುಗುತ್ತಿತ್ತು. ಆ ಗೆಲುವನ್ನು ಪೂರ್ತಿಯಾಗಿ ಪ್ರೇಕ್ಷಕರ ಲೆಕ್ಕಕ್ಕೆ ಬರೆಯಲು ನಾನಂತೂ ಸಿದ್ಧನಿಲ್ಲ.