ಮುದ್ದೆ ಬಿಟ್ಟ ಆರು ವಾರ

‘ಸೊಪ್ಪು ತಿನ್ಬೇಡ ಅಂದ್ರಾ? ಮುದ್ದೆನೂ ಬೇಡ್ವಂತಾ? ಅದ್ಯಾವೂರ್ ಡಾಕ್ಟ್ರು ಮಗ!’

ಫೋನಿನ ಆ ಕಡೆಯಿಂದ ಅಜ್ಜಿ ಹೀಗೆ ಕೇಳಿದಾಗ ನಗು ಬಂತು, ಜೊತೆಗೆ ಅಳುವೂ ಬಂತು. ಮಂಡ್ಯ ಕಡೆಯ ಮನೆ ನಮ್ಮದು. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಇಲ್ಲದ ದಿನ ಊಟ ಆಯ್ತು ಅಂತ ಯಾರೂ ಹೇಳೋದಿಲ್ಲ. ಬೆಂಗಳೂರಿನ ಆಫೀಸಿನಲ್ಲೂ ಅಷ್ಟೇ. ಎಲ್ಲರ ಡಬ್ಬಿಯಲ್ಲಿ ಸಲಾಡ್, ಮೊಳಕೆಕಾಳು, ಸಿರಿಧಾನ್ಯ. ಅದರ ಮಧ್ಯೆ ನಾನೊಬ್ಬಳು ಬಿಳಿ ಅನ್ನದ ಡಬ್ಬಿ ತೆರೆದರೆ ‘ಅಯ್ಯೋ, ಬರೀ ಕಾರ್ಬ್ಸ್ ಕಣೇ’ ಅನ್ನೋರು. ಕೆಲವು ದಿನ ಡೆಸ್ಕಿನಲ್ಲೇ ಕೂತು ತಿಂದಿದ್ದೇನೆ.

ಎರಡು ವರ್ಷದಿಂದ ಬಂದು ಹೋಗುತ್ತಿದ್ದ ಹೊಟ್ಟೆನೋವನ್ನು ‘ಗ್ಯಾಸ್ಟ್ರಿಕ್’ ಅಂತ ತಳ್ಳಿಹಾಕಿದ್ದೆ. ಕೊನೆಗೆ ಕೊಲೊನೋಸ್ಕೋಪಿ, ಸ್ಕ್ಯಾನ್ ಎಲ್ಲ ಆದ ಮೇಲೆ ಸಿಕ್ಕ ಹೆಸರು ಕ್ರೋನ್ಸ್ ಕಾಯಿಲೆ. ಸಣ್ಣ ಕರುಳಿನ ಕೊನೆಯ ಭಾಗ ಊದಿಕೊಂಡು ದಾರಿ ಕಿರಿದಾಗಿತ್ತು. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ, ಹಾಗೇ ಮುಂದೆ ಸಾಗುತ್ತದೆ. ಆರೋಗ್ಯವಂತರಿಗೆ ಅದರಿಂದ ಒಳ್ಳೆಯದೇ. ನನ್ನಂಥವರಿಗೆ ಮಾತ್ರ ಅದು ಸಿಂಕಿನ ಪೈಪಿನಲ್ಲಿ ತರಕಾರಿ ಸಿಪ್ಪೆ ಸಿಕ್ಕಿಕೊಂಡ ಹಾಗೆ ಆಗಬಹುದು. ಊತ ಇಳಿಯಲು ಔಷಧ ಕೊಟ್ಟರು. ಅಲ್ಲಿಯವರೆಗೆ ನಾರು ಕಡಿಮೆ ಇರುವ ಊಟ ಮಾಡಿ ಅಂದರು.

ನಾನು ಮಾಡಿದ ಮೊದಲ ತಪ್ಪು, ಹೆದರಿ ಊಟವನ್ನೇ ಕಡಿಮೆ ಮಾಡಿದ್ದು. ಹತ್ತು ದಿನ ಬರೀ ಮೊಸರನ್ನ, ಬ್ರೆಡ್ಡು. ಮೂರು ಕೆಜಿ ಇಳಿದೆ, ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು. ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು. ಜನವರಿಯಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಅವರೆಕಾಳಿನ ಸಾರಿನ ಘಮ ಅಂದರೆ ಗೊತ್ತಲ್ಲ? ‘ಒಂದೇ ಸೌಟು ತಾನೆ’ ಅಂದುಕೊಂಡೆ. ಒಂದು ಎರಡಾಯ್ತು. ಆ ರಾತ್ರಿ ಹೊಟ್ಟೆ ಹಿಂಡಿದ ನೋವು, ನಿಲ್ಲದ ವಾಂತಿ. ಅಪ್ಪ ನನ್ನನ್ನು ಎತ್ತಿಕೊಂಡೇ ಕಾರಿಗೆ ಹಾಕಿದರು. ಎರಡು ದಿನ ಬಾಯಿಗೆ ಏನೂ ಇಲ್ಲ, ಬರೀ ಡ್ರಿಪ್. ಇನ್ನೂ ಬಿಗಿಯಾಗಿದ್ದರೆ ಆಪರೇಷನ್ ಮಾತಾಡಬೇಕಾಗ್ತಿತ್ತು ಅಂದರು ಡಾಕ್ಟರು.

ಆಸ್ಪತ್ರೆಯಲ್ಲೇ ಡಯಟೀಷಿಯನ್ ಬಂದು ಪಕ್ಕದಲ್ಲಿ ಕೂತರು. ‘ನಾರು ಕಡಿಮೆ ಮಾಡಿ ಅಂದ್ವಿ, ಊಟ ಕಡಿಮೆ ಮಾಡಿ ಅನ್ಲಿಲ್ಲ’ ಅಂತ ಶುರು ಮಾಡಿದರು. ಸಾಮಾನ್ಯವಾಗಿ ದಿನಕ್ಕೆ 25–30 ಗ್ರಾಂ ನಾರು ಬೇಕು ಅನ್ನುತ್ತಾರೆ. ನನಗೆ ಕೊಟ್ಟ ಮಿತಿ 10–15 ಗ್ರಾಂ. ನೂರು ಗ್ರಾಂ ರಾಗಿಯಲ್ಲೇ ಸುಮಾರು 11 ಗ್ರಾಂ ಇರುತ್ತೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ನನ್ನ ಬಿಳಿ ಅನ್ನದ ಲೆಕ್ಕ ಅವತ್ತು ಅರ್ಥವಾಯ್ತು.

ಆಮೇಲೆ ಅಮ್ಮನ ಅಡುಗೆಮನೆ ಬದಲಾಯ್ತು ಅನ್ನೋದಕ್ಕಿಂತ, ಅಲ್ಲಿ ಮೊದಲೇ ಇದ್ದದ್ದು ಕಣ್ಣಿಗೆ ಬಿತ್ತು. ತಿಳಿಸಾರು ನೋಡಿ. ಬೇಳೆ ಕಟ್ಟು ಬಸಿದು, ಟೊಮೆಟೊ ಬೇಯಿಸಿ ಸಿಪ್ಪೆ-ಬೀಜ ಸೋಸಿ, ತುಪ್ಪಕ್ಕೆ ಇಂಗು ಹಾಕಿದರೆ ಆಯ್ತು. ಸಾಸಿವೆ, ಕರಿಬೇವು ಇಲ್ಲ ಅಂತ ಅಮ್ಮನಿಗೆ ಎರಡು ದಿನ ಬೇಜಾರಿತ್ತು. ಕಾಯಿತುರಿ ಬೇಡ, ಸೋಸಿದ ಕಾಯಿಹಾಲು ನನಗೆ ಒಗ್ಗಿತು. ಹಾಗಾಗಿ ಒತ್ತುಶಾವಿಗೆ-ಕಾಯಿಹಾಲು ಭಾನುವಾರದ ಹಬ್ಬವಾಯ್ತು (ಗಸಗಸೆ ಬಿಟ್ಟು). ಸೋರೆಕಾಯಿ, ಬೂದುಗುಂಬಳ, ಕ್ಯಾರೆಟ್, ಆಲೂಗಡ್ಡೆ ಎಲ್ಲವೂ ಸಿಪ್ಪೆ-ಬೀಜ ತೆಗೆದು ಬೆಣ್ಣೆಯಂತೆ ಬೆಂದಿರಬೇಕು. ಇಡ್ಲಿ, ಚಿರೋಟಿ ರವೆ ಉಪ್ಪಿಟ್ಟು, ಮೊಟ್ಟೆ, ಮೀನು, ಪನೀರ್, ಮೊಸರು, ಕಳಿತ ಬಾಳೆಹಣ್ಣು ಇವೆಲ್ಲ ಆಯ್ತು. ಮೊಟ್ಟೆ, ಮೀನು ಇಲ್ಲದಿದ್ದರೆ ನನ್ನ ಪ್ರೋಟೀನ್ ಕಥೆ ಕಷ್ಟವಿತ್ತು, ಏಕೆಂದರೆ ಕಾಳುಗಳೆಲ್ಲ ಪಟ್ಟಿಯಿಂದ ಹೊರಗೆ. ಮೂರು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಮೀಟಿಂಗ್ ಮಧ್ಯೆ ಗಬಗಬ ನುಂಗುವ ಅಭ್ಯಾಸ ಬಿಡೋದೇ ಎಲ್ಲಕ್ಕಿಂತ ಕಷ್ಟವಾಯ್ತು.

ಇದು ಕಾಯಿಲೆಗೆ ಮದ್ದಲ್ಲ. ಮಾತ್ರೆ, ಇಂಜೆಕ್ಷನ್ ತಪ್ಪಿಸುವಂತಿಲ್ಲ. ವಿಟಮಿನ್ ಬಿ12 ರಕ್ತಕ್ಕೆ ಸೇರುವುದು ನನಗೆ ತೊಂದರೆಯಿರುವ ಜಾಗದಲ್ಲೇ ಆದ್ದರಿಂದ ಅದನ್ನೂ, ಕಬ್ಬಿಣದಂಶವನ್ನೂ ಪರೀಕ್ಷಿಸುತ್ತಿರುತ್ತಾರೆ. ಸುಮ್ಮನೆ ಹೊಟ್ಟೆ ಉಬ್ಬರ ಅಂತ ನೀವಾಗಿಯೇ ಸೊಪ್ಪು ಬಿಡಬೇಡಿ, ನಾರು ಬಿಟ್ಟರೆ ಮಲಬದ್ಧತೆ ಗ್ಯಾರಂಟಿ. ಆದರೆ ಬಿಟ್ಟು ಬಿಟ್ಟು ಹಿಂಡುವ ನೋವು, ವಾಂತಿ, ಗ್ಯಾಸೂ ಹೋಗದಿರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಆರು ವಾರ ಕಳೆದ ಮೇಲೆ ಊತ ಇಳಿದಿತ್ತು. ಕೆಲವು ದಿನಕ್ಕೊಂದು ಹೊಸ ಪದಾರ್ಥ, ಅದೂ ಸ್ವಲ್ಪವೇ, ಶುರುಮಾಡಿ ಅಂದರು. ಸುದ್ದಿ ತಿಳಿದದ್ದೇ ಅಜ್ಜಿ ಬಸ್ಸು ಹತ್ತಿ ಬಂದರು, ಚೀಲದಲ್ಲಿ ಎರಡು ಸೇರು ರಾಗಿ. ನನಗೆ ಗಾಬರಿ. ಅಜ್ಜಿ ಮಾತಾಡದೆ ರಾಗಿ ನೆನೆಹಾಕಿದರು, ಮಾರನೆ ದಿನ ರುಬ್ಬಿ, ಹಳೆಯ ಪಂಚೆ ತುಂಡಿನಲ್ಲಿ ಎರಡೆರಡು ಸಲ ಹಾಲು ಹಿಂಡಿದರು. ‘ನಿಂಗೆ ಆರು ತಿಂಗ್ಳಾದಾಗ ಇದ್ನೇ ತಿನ್ಸಿದ್ದು. ಹಲ್ಲಿಲ್ದಿರೋ ಕೂಸಿಗೆ ಆಗೋದು ನಿಂಗಾಗಲ್ವಾ?’

ಡಯಟೀಷಿಯನ್‌ಗೆ ಫೋಟೊ ಕಳಿಸಿ ಕೇಳಿದೆ. ಅರ್ಧ ಬಟ್ಟಲು ತಿನ್ನಿ, ಎರಡು ದಿನ ನೋಡಿ ಅಂತ ಉತ್ತರ ಬಂತು. ಬೆಲ್ಲ, ಹಾಲು ಹಾಕಿ ಕಾಯಿಸಿದ ಆ ಸರಿಯನ್ನು ಬಟ್ಟಲು ಕೆರೆದು ತಿಂದೆ. ರಾತ್ರಿ ಎರಡು ಸಲ ಎಚ್ಚರವಾಯ್ತು. ನೋವಿಗಲ್ಲ, ನೋವು ಬಂತಾ ಅಂತ ನೋಡೋಕೆ. ಬರಲಿಲ್ಲ.

ಬೆಳಿಗ್ಗೆ ಎದ್ದಾಗ ಅಜ್ಜಿ ಬಟ್ಟೆಯಲ್ಲಿ ಉಳಿದ ಹಿಪ್ಪೆಯನ್ನು ಹಿಡಿದುಕೊಂಡು ನಿಂತಿದ್ದರು. ‘ಊರಲ್ಲಾಗಿದ್ರೆ ಹಸೀಗಾದ್ರೂ ಹಾಕ್ತಿದ್ದೆ. ಇಲ್ಲಿ ಯಾರಿಗ್ ಕೊಡ್ಲಿ ಇದ್ನ?’