ಬರದ ನಾಡಿನಲ್ಲಿ ಜವುಗು ನೆಲ

ಕೋಲಾರದ ಸೀಮೆಯಲ್ಲಿ ನೀರು ಹೆಚ್ಚಾಯಿತೆಂದು ಯಾರಾದರೂ ಕೊರಗಿದರೆ ಕೇಳಿದವರು ನಕ್ಕುಬಿಡುತ್ತಿದ್ದ ಕಾಲವೊಂದಿತ್ತು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಅದು. ಪಾಲಾರ್, ದಕ್ಷಿಣ ಪಿನಾಕಿನಿಗಳು ಆ ನೆಲದ ಮೇಲೆ ಹಾದುಹೋಗುವುದೇನೋ ನಿಜ. ಆದರೆ ಮಳೆ ಬಿದ್ದ ನಾಲ್ಕು ದಿನ ಹೊಳೆ, ಉಳಿದ ದಿನಗಳಲ್ಲಿ ಮರಳಿನ ಹಾದಿ ಎಂಬಂತಿದೆ ಅವುಗಳ ಬಾಳು. ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ಆ ಮಳೆಯನ್ನೇ ಹಿಡಿದಿಡಲೆಂದು ಹಿಂದಿನವರು ತಗ್ಗು ಕಂಡಲ್ಲೆಲ್ಲ ಏರಿ ಕಟ್ಟಿ, ಎರಡು ಸಾವಿರಕ್ಕೂ ಮಿಕ್ಕ ಕೆರೆಗಳನ್ನು ಬಿಟ್ಟುಹೋದರು. ಕೆರೆಗಳು ಹೂಳು ತುಂಬಿ ಬತ್ತಿದ ಮೇಲೆ ಕೊಳವೆಬಾವಿಗಳ ಕಾಲ ಬಂದಿತು. 1,000 ಅಡಿ, 1,500 ಅಡಿ ಕೊರೆದರೂ ಕೆಲವೆಡೆ ಮೇಲೆ ಬಂದುದು ಬರಿಯ ಬಂಡೆಯ ಪುಡಿ. ಕೆಲವೆಡೆ ನೀರು ಬಂದರೂ ಅದರೊಡನೆ ಫ್ಲೋರೈಡಿನ ವಿಷವೂ ಬಂದಿತು.

ಇಂತಹ ಸೀಮೆಯಲ್ಲಿ ಈಗ ಕೆರೆಯ ಕೆಳಗಿನ ಬಯಲುಗಳ ರೈತರು, ಹೊಲಕ್ಕೆ ನೀರು ತರುವುದು ಹೇಗೆಂಬುದರ ಜೊತೆಗೆ, ಹೊಲದೊಳಗೆ ನಿಂತ ನೀರನ್ನು ಹೊರಗೆ ಕಳುಹಿಸುವುದು ಹೇಗೆಂಬುದನ್ನೂ ಚಿಂತಿಸಬೇಕಾಗಿದೆ. ಕೋಲಾರದಿಂದ ಬರುವ ತರಕಾರಿಯನ್ನು ದಿನವೂ ಕೊಳ್ಳುವ ನಗರದ ಗೃಹಿಣಿಗೂ ಈ ಚಿಂತೆಯಲ್ಲಿ ಪಾಲುಂಟು. ಹೇಗೆಂದರೆ, ಆ ಕೆರೆಗಳಲ್ಲಿ ಅನೇಕವನ್ನು ತುಂಬಿಸಿರುವುದು ಅವಳ ಅಡಿಗೆಮನೆಯಿಂದಲೂ ಬಚ್ಚಲಿನಿಂದಲೂ ಹೊರಟ ನೀರೇ!

ಬಚ್ಚಲಿನಿಂದ ಕೆರೆಗೆ

ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯಲ್ಲಿ ಹರಿದುಬರುವ ಕೊಳೆನೀರನ್ನು ಶುದ್ಧೀಕರಣ ಕೇಂದ್ರಗಳಲ್ಲಿ ಎರಡು ಹಂತಗಳಲ್ಲಿ ತಿಳಿಗೊಳಿಸಿ, ಯಂತ್ರಗಳಿಂದ ಮೇಲೆತ್ತಿ, ಕೊಳವೆಗಳ ಮೂಲಕ ಕೋಲಾರದ ಕಡೆಗೆ ಸಾಗಿಸುವುದೇ ಕೆ. ಸಿ. ವ್ಯಾಲಿ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕಳುಹಿಸಿ 126 ಕೆರೆಗಳನ್ನು ತುಂಬಿಸಬೇಕೆಂಬುದು ಅದರ ಸಂಕಲ್ಪ. 2018ರ ಜೂನ್ ತಿಂಗಳಲ್ಲಿ ಕೋಲಾರ ತಾಲ್ಲೂಕಿನ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಜಾತ್ರೆಗೆ ನೆರೆದಂತೆ ನೆರೆದರು. ಮರುತಿಂಗಳೇ ಆ ಕೆರೆಯಲ್ಲಿ ಬಿಳಿಯ ನೊರೆ ಕಾಣಿಸಿಕೊಂಡಿತು. ಸಂತೋಷದ ಜಾಗದಲ್ಲಿ ಸಂದೇಹ ಮೂಡಿತು. ವಿವಾದವು ನ್ಯಾಯಾಲಯಗಳ ಮೆಟ್ಟಿಲೇರಿತು. ಕೆಲಕಾಲ ತಡೆ ಬಂದು, ಬಳಿಕ ನೀರು ಮತ್ತೆ ಹರಿಯಿತು.

ಯೋಜನೆಯ ನಿಯಮದಂತೆ ಈ ನೀರು ಅಂತರ್ಜಲವನ್ನು ಹೆಚ್ಚಿಸುವುದಕ್ಕೆ ಮಾತ್ರ. ಕೆರೆಯಿಂದ ನೇರವಾಗಿ ಬೆಳೆಗೆ ಹಾಯಿಸುವಂತಿಲ್ಲ. ಆದಕಾರಣ ತೂಬು ಮುಚ್ಚಿಯೇ ಇರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೆರೆಗಳ ಸುತ್ತಮುತ್ತ ಅಂತರ್ಜಲ ಮೇಲೇರಿದುದನ್ನು ದಾಖಲಿಸಿದ್ದಾರೆ. ಬತ್ತಿದ ಬಾವಿಯಲ್ಲಿ ನೀರು ಮಿನುಗುವುದನ್ನು ಕಂಡ ಮುದುಕರ ಆನಂದವನ್ನು ಅಲ್ಲಗಳೆಯುವವರು ಯಾರು? ಆದರೆ ಮಣ್ಣಿನ ಧರ್ಮ ಬೇರೆ. ಹಿಂದೆ ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆ ಹನ್ನೆರಡು ತಿಂಗಳೂ ತುಂಬಿ ನಿಂತರೆ ಅದರ ಒಸರು ಏರಿಯ ಕೆಳಗಿನ ತಗ್ಗು ನೆಲಕ್ಕೆ ಇಳಿಯದೆ ಇರುವುದಿಲ್ಲ. ತೂಬು ಮುಚ್ಚಬಹುದು, ಒಸರನ್ನು ಮುಚ್ಚಲಾಗದು.

ಇದರ ಮೇಲೆ ಮಳೆಯೂ ಅತಿಯಾದರೆ ಹೇಳುವುದೇ ಬೇಡ. 2021ರ ನವೆಂಬರಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ಬಂದ ರಾಗಿ ತೆನೆಯಲ್ಲಿಯೇ ಮೊಳೆಯಿತು. ಟೊಮೇಟೊ ಗಿಡದಲ್ಲಿಯೇ ಕೊಳೆಯಿತು. ಬೆಂಗಳೂರಿನ ಪೇಟೆಯಲ್ಲಿ ಟೊಮೇಟೊ ಕಿಲೋಗ್ರಾಮಿಗೆ 100 ರೂಪಾಯಿ ದಾಟಿತು. ನೀರಿಲ್ಲದೆ ಹಾಳಾಗುವ ಬೆಳೆಯನ್ನು ಕಂಡು ನೊಂದಿದ್ದ ರೈತ ಆ ವರ್ಷ ನೀರಿನಲ್ಲಿ ಹಾಳಾದ ಬೆಳೆಯನ್ನು ಕಂಡು ನೊಂದನು. ಸಾಲ ಮಾತ್ರ ಎರಡಕ್ಕೂ ಒಂದೇ.

ನೀರಿನಲ್ಲಿ ನಿಂತೂ ಬಾಡುವ ಗಿಡ

ನೀರು ಗಿಡದ ಜೀವ ಎಂದಮೇಲೆ ಅದು ಹೆಚ್ಚಾದರೆ ಗಿಡ ಸಾಯುವುದೇಕೆ? ಉತ್ತರವಿರುವುದು ನೀರಿನಲ್ಲಲ್ಲ, ಗಾಳಿಯಲ್ಲಿ. ಬೇರು ಸಹ ಉಸಿರಾಡುತ್ತದೆ. ಒಳ್ಳೆಯ ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿದ್ದು, ಅವುಗಳಲ್ಲಿ ಒಂದು ಪಾಲು ನೀರು, ಒಂದು ಪಾಲು ಗಾಳಿ ಇರುತ್ತವೆ. ನೆಲ ಜವುಗಾದಾಗ ಗಾಳಿಯ ಜಾಗವನ್ನೆಲ್ಲ ನೀರು ಆಕ್ರಮಿಸುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಮಣ್ಣಿನಲ್ಲಿ ಉಳಿದಿದ್ದಷ್ಟನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಸೇರಿ ಬೇಗನೆ ಮುಗಿಸಿಬಿಡುತ್ತವೆ. ಅಲ್ಲಿಗೆ ಬೇರಿಗೆ ಉಸಿರು ಕಟ್ಟಿದಂತಾಯಿತು.

ಉಸಿರು ಕಟ್ಟಿದ ಬೇರಿಗೆ ನೀರನ್ನು ಮೇಲಕ್ಕೆ ಕಳುಹಿಸುವ ಶಕ್ತಿ ಉಳಿಯುವುದಿಲ್ಲ. ಗಿಡದೊಳಗೆ ಇಥಿಲೀನ್ ಎಂಬ ಅನಿಲ ಹೆಚ್ಚಿ ಎಲೆಗಳ ತೊಟ್ಟು ಕೆಳಕ್ಕೆ ಬಾಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತ ಗಿಡವೇ ಬಾಯಾರಿದಂತೆ ಬಾಡುವ ವೈಚಿತ್ರ್ಯ ಇದು! ಅದನ್ನು ಕಂಡು, ಪಾಪ, ನೀರು ಸಾಲದೆಂದು ಇನ್ನಷ್ಟು ಹೊಯ್ಯುವವರೂ ಉಂಟು. ನಗರದ ತಾರಸಿಯ ಮೇಲಿನ ಹೂಕುಂಡಗಳಲ್ಲಿ ಎಷ್ಟೋ ಗಿಡಗಳು ಸಾಯುವುದು ಈ ಅತಿಪ್ರೀತಿಯಿಂದಲೇ. ಕುಂಡದ ತಳದ ತೂತು ಮುಚ್ಚಿಹೋಗಿದೆಯೇ ಎಂದು ನೋಡಿದರೆ ಕೋಲಾರದ ರೈತನ ಸಮಸ್ಯೆಯ ಒಂದು ಮಾದರಿ ಮನೆಯಲ್ಲಿಯೇ ಕಾಣಸಿಗುತ್ತದೆ.

ಹಾನಿ ಅಷ್ಟಕ್ಕೇ ನಿಲ್ಲದು. ಗಾಳಿಯಿಲ್ಲದ ಮಣ್ಣಿನಲ್ಲಿ ಸಾರಜನಕದ ಗೊಬ್ಬರ ಅನಿಲವಾಗಿ ಹಾರಿಹೋಗುತ್ತದೆ. ಟೊಮೇಟೊ, ಬದನೆ, ಮೆಣಸಿನ ಗಿಡಗಳನ್ನು ಹಸಿರಾಗಿರುವಾಗಲೇ ಸೊರಗಿಸುವ ದುಂಡಾಣು ಸೊರಗು ರೋಗವು ಹರಿಯುವ ನೀರಿನೊಡನೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಪ್ರವಾಸ ಮಾಡುತ್ತದೆ. ಎಲೆಗೆ ಅಂಗಮಾರಿ, ಸಸಿಗೆ ಬುಡಕೊಳೆ, ಎಲ್ಲವೂ ತೇವವನ್ನೇ ಕಾದಿರುವ ಶತ್ರುಗಳು.

ಭತ್ತ ಮಾತ್ರ ಈ ನಿಯಮಕ್ಕೆ ಹೊರತು. ಅದರ ಕಾಂಡ ಮತ್ತು ಬೇರುಗಳೊಳಗೆ ಗಾಳಿಯ ಕೊಳವೆಗಳಿವೆ. ಎಲೆ ಸೆಳೆದುಕೊಂಡ ಗಾಳಿ ಅವುಗಳ ಮೂಲಕ ಕೆಸರಿನೊಳಗಿನ ಬೇರಿನ ತುದಿಯವರೆಗೂ ಇಳಿಯುತ್ತದೆ. ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ, ಮೇಲಿನ ಕೆಂಪು ನೆಲದಲ್ಲಿ ರಾಗಿ ಎಂದು ಹಿರಿಯರು ವಿಂಗಡಿಸಿದ್ದು ಸುಮ್ಮನೆ ಅಲ್ಲ. ದಕ್ಷಿಣ ಅಮೆರಿಕದಿಂದ ಬಂದ ಟೊಮೇಟೊವನ್ನು, ಹೆಚ್ಚಿನ ಆದಾಯದ ಆಸೆಯಿಂದ, ಭತ್ತದ ಗದ್ದೆಗೆ ಇಳಿಸಿದಾಗ ಆ ವಿಂಗಡಣೆ ಕಲಸಿಹೋಯಿತು. ಆಸೆಯನ್ನು ತಪ್ಪೆನ್ನುವಂತೆಯೂ ಇಲ್ಲ. ಕೋಲಾರದ ಮಾರುಕಟ್ಟೆ ಏಷ್ಯದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು. 2023ರ ಜುಲೈಯಲ್ಲಿ ಅಲ್ಲಿ 15 ಕಿಲೋಗ್ರಾಮಿನ ಒಂದು ಪೆಟ್ಟಿಗೆ 2,000 ರೂಪಾಯಿಗೂ ಮೇಲೆ ಮಾರಿತು. ಅದೇ ಟೊಮೇಟೊವನ್ನು ಕೊಳ್ಳುವವರಿಲ್ಲದೆ ರಸ್ತೆಗೆ ಸುರಿದ ವರ್ಷಗಳೂ ಉಂಟು.

ಮಾವು, ನೀಲಗಿರಿ

ಶ್ರೀನಿವಾಸಪುರದ ಕಥೆ ಇನ್ನೊಂದು ಬಗೆಯದು. ಅದು ಮಾವಿನ ತವರು. ಮಾವಿನ ಮರ ಟೊಮೇಟೊದಂತೆ ಎರಡು ದಿನದ ನೀರಿಗೆ ಸಾಯುವುದಲ್ಲ. ಆದರೆ ಹೂ ಬಿಡುವ ಮುನ್ನ ಅದಕ್ಕೆ ಕೆಲಕಾಲದ ಒಣಹವೆಯೂ ತಂಪೂ ಬೇಕು. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಬೇರಿನ ಬಳಿ ತೇವ ಆರದಿದ್ದರೆ ಮರ ಹೂವನ್ನು ಮರೆತು ಚಿಗುರಲು ತೊಡಗುತ್ತದೆ. ತೋಟ ನೋಡಲು ಹಸಿರು; ಬುಟ್ಟಿ ಮಾತ್ರ ಬರಿದು.

ಮಾಲೂರಿನಲ್ಲಿ ನೀಲಗಿರಿಯ ವ್ಯಂಗ್ಯವನ್ನು ಕಾಣಬಹುದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರೋಮ್ ನಗರದ ಹೊರವಲಯದ ಟ್ರೆ ಫಾಂಟಾನೆ ಮಠದ ಸಂನ್ಯಾಸಿಗಳು ಮಲೇರಿಯಾದ ಬೀಡಾಗಿದ್ದ ಜವುಗನ್ನು ಒಣಗಿಸಲೆಂದು ನೆಟ್ಟ ಮರ ನೀಲಗಿರಿ. ಜವುಗನ್ನು ಕುಡಿದು ಬತ್ತಿಸುವುದೆಂದು ಹೆಸರಾದ ಆ ಮರವನ್ನೇ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಜಿಲ್ಲೆಯ ಒಣ ಹೊಲಗಳಲ್ಲಿ ಸಾಲುಸಾಲಾಗಿ ನೆಡಲಾಯಿತು! ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀರಿಲ್ಲದ ಕಡೆ ನೀರು ಹೀರುವ ಮರ, ನೀರು ನಿಲ್ಲುವ ಕಡೆ ನೀರು ಒಲ್ಲದ ಗಿಡ! ನೆಲವನ್ನು ಕೇಳದೆ ಬೆಳೆಯನ್ನು ಆರಿಸುವುದರ ಫಲ ಇದು.

ಉಪಾಯಗಳು

ಹಾಗಾದರೆ ಜವುಗು ನೆಲದಲ್ಲಿ ಬೆಳೆ ತೆಗೆಯುವುದು ಸಾಧ್ಯವೇ ಇಲ್ಲವೇ? ಉಂಟು. ಲೋಕದ ಅನೇಕ ಕಡೆ ಜನ ಅದನ್ನು ಸಾಧಿಸಿದ್ದಾರೆ. ಮೆಕ್ಸಿಕೋ ದೇಶದ ಷೋಚಿಮಿಲ್ಕೋ ಎಂಬಲ್ಲಿ ಶತಮಾನಗಳ ಹಿಂದೆಯೇ ಕೆರೆಯ ಕೆಸರನ್ನು ಎತ್ತಿ ದಿಬ್ಬ ಮಾಡಿ, ಸುತ್ತ ಕಾಲುವೆ ಬಿಟ್ಟು, ದಿಬ್ಬದ ಮೇಲೆ ತರಕಾರಿ ಬೆಳೆದರು. ಕಾಶ್ಮೀರದ ದಾಲ್ ಸರೋವರದಲ್ಲಿ ತೇಲುವ ತೋಟಗಳೇ ಇವೆ. ತತ್ತ್ವ ಒಂದೇ: ನೀರನ್ನು ಕೆಳಗಿಳಿಸಲಾಗದಿದ್ದರೆ ಬೇರನ್ನು ಮೇಲೇರಿಸಬೇಕು.

ಮುಳಬಾಗಿಲಿನ ರೈತನಿಗೂ ದಾರಿ ಅದೇ. ಒಂದಡಿಯಷ್ಟು ಎತ್ತರದ ಏರುಮಡಿ, ಮಡಿಗಳ ನಡುವೆ ಆಳವಾದ ಸಾಲು, ಹೊಲದ ಅಂಚಿನಲ್ಲಿ ಆ ಸಾಲುಗಳ ನೀರನ್ನೆಲ್ಲ ಹೊತ್ತೊಯ್ಯುವ ಬಸಿಗಾಲುವೆ. ಮಡಿಯಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆತರೆ ಮಣ್ಣು ಬಿಡಿಬಿಡಿಯಾಗಿ ಗಾಳಿ ಆಡುತ್ತದೆ. ಗಿಡಕ್ಕೆ ಕೋಲು ಕೊಟ್ಟು ಕಟ್ಟಿದರೆ ಕಾಯಿ ಕೆಸರು ಮುಟ್ಟುವುದಿಲ್ಲ. ನೀರು ಬಸಿದ ಮೇಲೆ ಕಳೆದುಹೋದ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಕೊಡಬೇಕು. ಬೇರು ಚೇತರಿಸಿಕೊಳ್ಳುವ ಮೊದಲೇ ಗೊಬ್ಬರ ಸುರಿದರೆ ವ್ಯರ್ಥ.

ವಿಜ್ಞಾನವೂ ಕೈಗೂಡಿಸಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ‘ಅರ್ಕಾ ರಕ್ಷಕ್’ ಟೊಮೇಟೊ ತಳಿ ಸೊರಗು ರೋಗವೂ ಸೇರಿದಂತೆ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆ. ತೈವಾನಿನ ವಿಶ್ವ ತರಕಾರಿ ಕೇಂದ್ರದವರು ಬದನೆಯ ಬೇರಿನ ಮೇಲೆ ಟೊಮೇಟೊ ಕುಡಿಯನ್ನು ಕಸಿ ಮಾಡುವ ವಿಧಾನವನ್ನು ಮಳೆಗಾಲದ ಬೆಳೆಗೆ ಬಳಕೆಗೆ ತಂದರು. ಬದನೆಯ ಬೇರು ನಿಂತ ನೀರನ್ನು ಟೊಮೇಟೊ ಬೇರಿಗಿಂತ ಹೆಚ್ಚು ಸಹಿಸಬಲ್ಲದು. ಕೋಲಾರದ ಬಳಿಯ ಟಮಕದಲ್ಲಿಯೇ ತೋಟಗಾರಿಕಾ ಮಹಾವಿದ್ಯಾಲಯವೂ ಕೃಷಿ ವಿಜ್ಞಾನ ಕೇಂದ್ರವೂ ಇರುವುದರಿಂದ ರೈತ ಸಲಹೆಗಾಗಿ ದೂರ ಹೋಗಬೇಕಾಗಿಲ್ಲ.

ಹಸಿರುಗೊಬ್ಬರದ ವಿಷಯದಲ್ಲಿಯೂ ವಿವೇಕ ಬೇಕು. ಸೆಣಬು ಒಳ್ಳೆಯ ಹಸಿರುಗೊಬ್ಬರವೇ ಆದರೂ ನೀರು ನಿಂತಲ್ಲಿ ಸೋಲುತ್ತದೆ; ಅಂತಹ ಕಡೆ ಡಯಾಂಚವೇ ಲೇಸು. ನೀರಿನಲ್ಲಿ ಅದರ ಬುಡ ಉಬ್ಬಿ ಬೆಂಡಿನಂತಾಗಿ ಗಾಳಿ ಹಿಡಿದುಕೊಳ್ಳುತ್ತದೆ. ನಾರಿಗೂ ಸೊಪ್ಪಿಗೂ ಬೆಳೆಯುವ ಪುಂಡಿ ಸಹ ಹೊಸ ಬೇರು ಬಿಟ್ಟು ಜವುಗನ್ನು ತಾಳಿಕೊಳ್ಳುತ್ತದೆ. ಅದರ ಎಲೆ ಗಾಂಜಾದ ಎಲೆಯಂತಿರುವುದರಿಂದ ಸಸ್ಯಶಾಸ್ತ್ರಜ್ಞರು ‘ಹೈಬಿಸ್ಕಸ್ ಕ್ಯಾನಬಿನಸ್’ ಎಂದು ಹೆಸರಿಟ್ಟರು. ಗಾಂಜಾ ಗಿಡವಾದರೋ ಬಸಿಯುವ ನೆಲವನ್ನೇ ಬಯಸುವ ಜಾತಿ. 1985ರ ಮಾದಕ ವಸ್ತುಗಳ ಕಾಯಿದೆ ಅದನ್ನು ಬೆಳೆಯುವುದನ್ನು ಅಪರಾಧವಾಗಿಸಿರುವುದರಿಂದ, ಹೋಲಿಕೆ ಎಲೆಯಲ್ಲಿ ಮಾತ್ರ ಉಳಿಯಲಿ.

ಕೆಸು, ಒಂದೆಲಗ, ಹೊನಗೊನೆ ಸೊಪ್ಪುಗಳಿಗೆ ಹಸಿನೆಲವೆಂದರೆ ಪ್ರಾಣ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಕೊಳೆನೀರಿನಲ್ಲಿ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳು ಉಳಿದಿದ್ದರೆ, ಹಣ್ಣು ಕಾಯಿಗಳಿಗಿಂತ ಸೊಪ್ಪುಗಳೇ ಅವನ್ನು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ಆದುದರಿಂದಲೇ ನೀರನ್ನು ಮೂರನೆಯ ಹಂತದಲ್ಲಿಯೂ ಶುದ್ಧಗೊಳಿಸಿ ಕಳುಹಿಸಬೇಕೆಂದು ಕೋಲಾರದ ಜನ ಒತ್ತಾಯಿಸುತ್ತ ಬಂದಿರುವುದು. ಅದು ಅವರ ಆರೋಗ್ಯದ ಪ್ರಶ್ನೆ ಮಾತ್ರವಲ್ಲ. ಆ ಸೊಪ್ಪು ತಿರುಗಿ ಬರುವುದು ನಗರದ ಅಡಿಗೆಮನೆಗೇ.

ನೀರುಗಂಟಿಯ ಕೆಲಸ

ಏರುಮಡಿಯನ್ನು ಒಬ್ಬ ರೈತ ತಾನೇ ಕಟ್ಟಿಕೊಳ್ಳಬಲ್ಲನು. ಬಸಿಗಾಲುವೆಯನ್ನು ಒಬ್ಬನೇ ಮಾಡಲಾರನು. ತನ್ನ ಹೊಲದಿಂದ ಹೊರಟ ನೀರು ಪಕ್ಕದವನ ಹೊಲದಲ್ಲಿ ನಿಂತರೆ ಉಳಿಯುವುದು ಜಗಳ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿಯಿದ್ದನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಣಯಿಸಿ ತೂಬು ಎತ್ತುವವನು ಅವನು. ಕಾಲುವೆಯಲ್ಲಿ ಕಸ ಕಟ್ಟಿದರೆ ಜನರನ್ನು ಕೂಗಿ ಕರೆಯುವವನೂ ಅವನೇ. ಕೆರೆ ಬತ್ತಿದಾಗ ಅವನ ಕೆಲಸವೂ ಬತ್ತಿತು. ಕಾಲುವೆಗಳು ಮುಚ್ಚಿದವು, ಕೆಲವು ಹೊಲವಾದವು, ಕೆಲವು ಮನೆಯಾದವು. ಈಗ ಕೆರೆ ತುಂಬಿದೆ, ಕಾಲುವೆ ಇಲ್ಲ.

ನೀರನ್ನು ತರಲು ಸರ್ಕಾರ ಕೊಳವೆ ಹಾಕಿತು, ಯಂತ್ರ ನಿಲ್ಲಿಸಿತು. ಮುಚ್ಚಿದ ರಾಜಕಾಲುವೆಗಳನ್ನು ಮತ್ತೆ ತೆರೆಸಿ, ಊರಿಗೊಬ್ಬ ನೀರುಗಂಟಿಯನ್ನು ಮತ್ತೆ ನೇಮಿಸುವುದಕ್ಕೆ ಅಷ್ಟು ಹಣ ಬೇಕಾಗದು. ಬಂದ ನೀರಿಗೆ ಹೋಗುವ ದಾರಿಯನ್ನೂ ತೋರಿಸಿದಾಗಲೇ ನೀರಾವರಿ ಪೂರ್ತಿಯಾಗುವುದು. ಅಲ್ಲಿಯವರೆಗೆ ಕೋಲಾರದ ರೈತ ಮುಂಗಾರಿಗೆ ಮುಂಚೆ ಎರಡು ಬಾರಿ ಆಕಾಶ ನೋಡುತ್ತಾನೆ. ಮಳೆ ಬಾರದಿದ್ದೀತೋ ಎಂಬ ಭಯದಿಂದ ಒಮ್ಮೆ, ಬಂದು ನಿಲ್ಲದಿದ್ದೀತೋ ಎಂಬ ಭಯದಿಂದ ಇನ್ನೊಮ್ಮೆ. ಬಳಿಕ ಗುದ್ದಲಿ ಹಿಡಿದು ಹೊಲದ ಅಂಚಿಗೆ ನಡೆಯುತ್ತಾನೆ.